ಮದ್ದು ಬರುವವರೆಗೆ

ಮಣಿಪಾಲ
12 ಜೂನ್ 2024

ಪ್ರೀತಿಯ ಪಪ್ಪನಿಗೆ,

ಫೋನಿನಲ್ಲಿ ಈ ವಿಷಯ ಎತ್ತಿದ ಕೂಡಲೇ ನೀವು ಮಮ್ಮಿಯ ಕೈಗೆ ಕೊಟ್ಟುಬಿಡುತ್ತೀರಿ. ಹಾಗಾಗಿ, ನೀವು ಕುವೈಟಿನಲ್ಲಿದ್ದಾಗ ಬರೆಯುತ್ತಿದ್ದಂತೆ ಕಾಗದವನ್ನೇ ಬರೆಯುತ್ತಿದ್ದೇನೆ.

ಕಿಡ್ನಿಯಲ್ಲಿ ಕಲ್ಲು ಉಂಟೋ ಎಂದು ನೋಡಲು ಮಾಡಿಸಿದ ಸ್ಕ್ಯಾನಿನಲ್ಲಿ ನಿಮ್ಮ ಹೊಟ್ಟೆಯ ಮಹಾಧಮನಿ ಬಲೂನಿನಂತೆ ಉಬ್ಬಿದ್ದು ಕಂಡಿತು. ಆಪರೇಶನ್ ಮಾಡಲೇಬೇಕಾದ ಅಳತೆ ದಾಟಿದೆ ಎಂದು ಸರ್ಜನ್ ಹೇಳಿದರು. ನೀವು ಕೊಟ್ಟ ಉತ್ತರವನ್ನು ಮಮ್ಮಿ ನನಗೆ ತಿಳಿಸಿದರು: "ನನ್ನ ಮಗಳು ಇದೇ ರೋಗಕ್ಕೆ ಮದ್ದು ಕಂಡುಹಿಡಿಯುತ್ತಿದ್ದಾಳೆ. ಅದು ಬರಲಿ, ಮತ್ತೆ ನೋಡುವ."

ಪಪ್ಪ, ನನ್ನ ಕೆಲಸ ಎಂತದ್ದು ಎಂದು ನಾನು ಸರಿಯಾಗಿ ಹೇಳಲೇ ಇಲ್ಲ. ರಕ್ತನಾಳದ ಗೋಡೆಯ ಜೀವಕೋಶಗಳು ನಾರು ನೇಯುತ್ತಾ ಇರುತ್ತವೆ. ಗೋಡೆ ರಕ್ತದ ಒತ್ತಡ ತಾಳುವುದು ಅದರ ಬಲದಿಂದ. ನೇಯಲು ಆಜ್ಞೆ ಹೊರಡುವುದು ಜೀನ್‌ಗಳಿಂದ. ಮೈಕ್ರೋ ಆರ್‌ಎನ್‌ಎ ಎಂಬ ತೀರಾ ಚಿಕ್ಕ ಎಳೆಗಳು ಆ ಆಜ್ಞೆಯನ್ನು ದಾರಿಯಲ್ಲೇ ಹಿಡಿದು, ಎಷ್ಟು ಬೇಕೋ ಅಷ್ಟೇ ತಲುಪುವಂತೆ ನೋಡಿಕೊಳ್ಳುತ್ತವೆ. ಅಂಥ ಒಂದು ಎಳೆ ಅತಿಯಾದರೆ ನಾರು ಕಡಿಮೆಯಾಗಿ ಗೋಡೆ ಸಡಿಲಾಗುತ್ತದೆ. ಅದನ್ನು ಅಡಗಿಸಿದಾಗ ನಮ್ಮ ಇಲಿಗಳಲ್ಲಿ ಉಬ್ಬು ಬೆಳೆಯುವುದು ನಿಧಾನವಾಯಿತು. ನೀವು ಇಗರ್ಜಿಯ ಅಂಗಳದಲ್ಲಿ ಎಲ್ಲರಿಗೂ ಹೇಳಿದ್ದು ಇಷ್ಟನ್ನು.

ಉಳಿದದ್ದನ್ನು ನಾನು ನಿಮಗೆ ಹೇಳಲಿಲ್ಲ. ಉಬ್ಬಿದ ನಾಳ ಒಂದು ಇಲಿಯಲ್ಲೂ ಮೊದಲಿನಂತೆ ಆಗಲಿಲ್ಲ. ಅದೇ ಎಳೆಗೆ ಲಿವರಿನಲ್ಲಿ ಬೇರೆ ಕೆಲಸ ಉಂಟು. ಅದನ್ನು ತಡೆದದ್ದಕ್ಕೆ ಕೆಲವು ಇಲಿಗಳ ಲಿವರ್ ಗಟ್ಟಿಯಾಯಿತು. ಮನುಷ್ಯರಿಗೆ ಕೊಡುವ ಮದ್ದಾಗಲು ಎಷ್ಟು ವರ್ಷವೋ, ಆಗದೆಯೂ ಹೋಗಬಹುದು. ನಿಮ್ಮ ಮುಖದಲ್ಲಿದ್ದ ಹೆಮ್ಮೆ ನೋಡಿ ಸುಮ್ಮನಿದ್ದೆ.

ಆ ಉಬ್ಬು ಒಡೆದರೆ ಆಸ್ಪತ್ರೆ ತಲುಪುವವರೇ ಕಡಿಮೆ. ನನ್ನನ್ನು ನಂಬಿ ನಿಮಗೆ ಏನಾದರೂ ಆದರೆ ನಾನು ಆ ಲ್ಯಾಬಿನೊಳಗೆ ಮತ್ತೆ ಕಾಲಿಡಲಾರೆ. ದಯವಿಟ್ಟು ಆಪರೇಶನ್‌ಗೆ ಬನ್ನಿ.

ನಿಮ್ಮ ಮಗಳು,
ಕ್ಯಾರೆನ್

***

ಕಾಪು
20 ಜುಲೈ 2024

ಮುದ್ದಿನ ಕ್ಯಾರೆನ್‌ಗೆ,

ಆಸ್ಪತ್ರೆಯಿಂದ ಮನೆಗೆ ಬಂದು ವಾರವಾಯಿತು. ಗಾಯ ಒಣಗುತ್ತಿದೆ. ಜಗಲಿಯಿಂದ ಗೇಟಿನವರೆಗೆ ನಡೆಯುತ್ತೇನೆ. ಮೀನು ಕೇಳಿದರೆ ನಿನ್ನ ಮಮ್ಮಿ ಗಂಜಿಯ ಬಟ್ಟಲನ್ನೇ ಮುಂದಿಡುತ್ತಾಳೆ.

ವಾರ್ಡಿನಲ್ಲಿ ನೀನು ದಿನಾಲೂ ಬಂದು ಕೂತಿದ್ದೆ. ಕಾಗದದ ವಿಷಯ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಮ್ಮಿ ಹತ್ತಿರವೇ ಇದ್ದಳಲ್ಲ.

ಕತ್ತರಿಸಿ ತೆಗೆದ ನಾಳದ ತುಂಡನ್ನು ಸಂಶೋಧನೆಗೆ ಕೊಡಬಹುದೋ ಎಂದು ಸರ್ಜನ್ ಮೊದಲೇ ಕೇಳಿದ್ದರು. ನನ್ನ ಮಗಳ ಲ್ಯಾಬಿಗೇ ಕೊಡಿ ಎಂದೆ. ಇಲಿಗಳು ಹೇಳದ್ದನ್ನು ಅದು ಸ್ವಲ್ಪವಾದರೂ ಹೇಳಲಿ. ನನ್ನನ್ನು ನೋಡಲು ಬಂದವರು, ಕ್ಯಾರೆನಳ ಮದ್ದು ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಅದಕ್ಕೆ ಸಮಯ ಬೇಕು ಮಾರಾಯ, ಎನ್ನುತ್ತೇನೆ.

ನಿನ್ನ ಪಪ್ಪ,
ಜೋಕಿಮ್

ತಾ.ಕ.: ನಿನ್ನ ಮದ್ದಿಗೆ ಕಾದು ನಾನು ಕೂತದ್ದಲ್ಲ ಮಗಳೇ. ಹೊಟ್ಟೆ ಕೊಯ್ಯುತ್ತಾರೆ ಎಂದು ಕೇಳಿದಾಗಲೇ ಎದ್ದು ಮನೆಗೆ ಓಡುವ ಎನಿಸಿತ್ತು. ಹೆದರಿಕೆ ಎನ್ನಲು ನಾಚಿಕೆಯಾಗಿ ಡಾಕ್ಟರ ಎದುರು ನಿನ್ನ ಹೆಸರು ಹೇಳಿದೆ. ಆ ತಪ್ಪನ್ನು ನೀನು ನಿನ್ನ ತಲೆಗೆ ಕಟ್ಟಿಕೊಂಡು ಬರೆದದ್ದನ್ನು ಓದಿದ ಮೇಲೆ, ಹೆದರಿ ಕೂರುವುದು ನನ್ನಿಂದ ಆಗಲಿಲ್ಲ.