ಪಿಟೀಲು ಅಂಟಿಸಿದ ಬಾಗಿಲು

ಜೂನ್ 8, ಶನಿವಾರ

ಅಂಗಡಿಯಲ್ಲಿ ಮದುವೆ ಫೋಟೋದ ದೊಡ್ಡ ಫ್ರೇಮ್ ಅಂತೂ ಮುಗಿಯಿತು. ಗಾಜು ಕೂರಿಸುವಾಗ ಮತ್ತೆ ಬೆರಳು ಕೊಯ್ದುಕೊಂಡೆ. ಮಿಕ್ಕ ರಟ್ಟಿನ ತುಂಡುಗಳನ್ನು ಮಾಲೀಕರು "ಬೇಕಾದ್ರೆ ತಗೊಂಡ್ಹೋಗಮ್ಮ" ಎಂದರು. ಮನೆಗೆ ಹೊತ್ತು ತಂದೆ. ಮಕ್ಕಳಿಗೆ.

ಮೊನ್ನೆ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟೀಚರ್ ಹೇಳಿದ್ದು ತಲೆಯಲ್ಲೇ ಕೂತಿದೆ. "ಮುಂದೆ ಏನಾಗ್ಬೇಕು ಅಂದ್ರೆ ನಿಮ್ಮ ಹುಡುಗಿ ಗೊತ್ತಿಲ್ಲ ಅಂತಾಳೆ. ಏನಿಷ್ಟ ಅಂದ್ರೂ ಗೊತ್ತಿಲ್ಲ." ವಿಷನ್ ಬೋರ್ಡ್ ಮಾಡಿಸಿ ಎಂದರು. ಆಸೆಗಳ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸುವುದು. ಪ್ರತಿ ಚಿತ್ರದ ಕೆಳಗೆ ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ ಬರೆಯುವುದು. ಕಣ್ಣಿಗೆ ಬೀಳುವ ಕಡೆ ತೂಗುಹಾಕುವುದು.

'ನಿಮ್ಮ ಹುಡುಗಿ' ಎಂದರು. ತಿದ್ದಲಿಲ್ಲ. ತಂಗಿಯ ಮಗಳು ಎಂದು ಎಷ್ಟು ಸಲ ಹೇಳುವುದು... ಒಂಬತ್ತು ವರ್ಷ. ನಮ್ಮಲ್ಲಿಗೆ ಬಂದು ಎರಡಾಯಿತು. ಹೊಸತರಲ್ಲಿ ದಿನವಿಡೀ ಕುಯ್ ಕುಯ್ ಎಂದು ಅಳುತ್ತಿದ್ದಳು, ಅದಕ್ಕೇ ನಮ್ಮನೆಯವರು ಪಿಟೀಲು ಎಂದು ಹೆಸರಿಟ್ಟರು. ಈಗ ಅಳುವುದಿಲ್ಲ. ಹೆಸರು ಉಳಿದುಕೊಂಡಿದೆ.

ಜೂನ್ 9, ಭಾನುವಾರ

ಊಟದ ಮೇಜಿನ ತುಂಬ ಹಳೆಯ ಮ್ಯಾಗಝೀನು, ಅಂಟು, ಕತ್ತರಿ. ಮೇಲಿನ ಮನೆಯ ಹುಡುಗಿಯೂ ಇಳಿದು ಬಂದಳು. ಅವಳ ರಟ್ಟು ದೊಡ್ಡ ಸಂತೆ — ಪೈಲಟ್, ಹಲ್ಲಿನ ಡಾಕ್ಟರ್, ಎರಡು ಕುದುರೆ. "ಹಲ್ಲಿನ ಡಾಕ್ಟರ್ ಈ ವಾರ ಏನ್ ಮಾಡ್ತಾರೆ?" ಎಂದು ಕೇಳಿದೆ. "ತಮ್ಮನ ಹಲ್ಲು ನೋಡ್ತೀನಿ. ಕಚ್ಚದಿದ್ರೆ."

ಇವರೂ ಒಂದು ತುಂಡು ಎಳೆದುಕೊಂಡರು. ದಿನಾ ಕತ್ತಲಿರುವಾಗಲೇ ಎದ್ದು ಸ್ಕೂಲ್ ವ್ಯಾನ್ ಓಡಿಸುವ ಮನುಷ್ಯ. ಅಂಟಿಸಿದ್ದು ದಿಂಬಿನ ಜಾಹೀರಾತು. "ನನ್ ಗುರಿ ನಿದ್ದೆ. ಇವತ್ತಿಂದ್ಲೇ ಶುರು." ಮಕ್ಕಳು ಬಿದ್ದು ಬಿದ್ದು ನಕ್ಕರು.

ಪಿಟೀಲು ನಗುತ್ತಲೇ ಪುಟ ತಿರುವುತ್ತಿದ್ದಳು. ನಾನು ಓರೆಗಣ್ಣಿನಲ್ಲಿ ಕಾಯುತ್ತಿದ್ದೆ. ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ — ಕಲಾವಿದೆಯರ ಪುಟ ಬಂದಾಗ ನಿಲ್ಲುತ್ತಾಳೆ ಎಂದುಕೊಂಡೆ. ದಾಟಿ ಹೋದಳು. ಕೊನೆಗೆ ಪೇಂಟ್ ಕ್ಯಾಟಲಾಗಿನಿಂದ ಒಂದು ಬಾಗಿಲು ಕತ್ತರಿಸಿದಳು. ನೀಲಿ ಬಾಗಿಲು, ಅರ್ಧ ತೆರೆದದ್ದು. ನಟ್ಟನಡುವೆ ಅಂಟಿಸಿದಳು. ಬೇರೇನೂ ಇಲ್ಲ.

"ಇದೇನೇ?"

"ಅಮ್ಮನ ಮನೆ ಬಾಗ್ಲು. ಯಾವ ಬಣ್ಣ ಅಂತ ಗೊತ್ತಿಲ್ಲ. ನೀಲಿ ಅಂದ್ಕೊಂಡೆ." ಆಮೇಲೆ, "ದೊಡ್ಡಮ್ಮಾ, ಕೆಳಗೆ ಏನ್ ಬರೀಲಿ? ಈ ವಾರದ ಕೆಲ್ಸ?"

ಯೋಚಿಸಿ ಹೇಳ್ತೀನಿ ಅಂದೆ. ಅಂಟು ಒಣಗಲಿ ಎಂದು ರಟ್ಟನ್ನು ಕಪಾಟಿನ ಮೇಲಿಟ್ಟೆ.

ಜೂನ್ 11, ಮಂಗಳವಾರ

ರಟ್ಟು ಇನ್ನೂ ಕಪಾಟಿನ ಮೇಲೇ ಇದೆ. ಅಂಟು ಯಾವತ್ತೋ ಒಣಗಿತು.

ಗಂಡ ಬಿಟ್ಟುಹೋದ ಮೇಲೆ ತಂಗಿಗೆ ಮಂಕು ಕವಿದಿತ್ತು. ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ, ಮಗುವಿನ ಮುಖವನ್ನೂ ನೋಡುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದು ಆರೇಳು ತಿಂಗಳಾಯಿತು. ಈಗ ಮಾತ್ರೆ ತಪ್ಪಿಸುವುದಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಊರಿನ ಆ ತುದಿಯಲ್ಲಿ ಒಂದು ರೂಮು. ಆಗಾಗ ಫೋನ್ ಮಾಡಿ ಮಗಳ ಜೊತೆ ಎರಡು ಮಾತಾಡಿ ಇಟ್ಟುಬಿಡುತ್ತಾಳೆ. ಕಳಿಸು ಎಂದು ಕೇಳಿಲ್ಲ. ಕೇಳದಿರಲಿ ಎಂದೇ ನಾನೂ ಸುಮ್ಮನಿದ್ದೇನೆ.

ಬಾಗಿಲ ಕೆಳಗೆ ಏನು ಬರೆಸುವುದೆಂದು ಇವರನ್ನು ಕೇಳಿದೆ. "ಪೈಲಟ್ ಅಂದಿದ್ರೆ ವಿಮಾನ ತೋರ್ಸೋಕೆ ಕರ್ಕೊಂಡ್ ಹೋಗ್ತಿದ್ವಿ ತಾನೆ?" ಅಷ್ಟೇ ಹೇಳಿ ವ್ಯಾನ್ ತೊಳೆಯಲು ಹೋದರು.

ಕೋಪ ಬಂತು. ಸರಿಯಾದ ಮಾತಿಗೇ ನನಗೆ ಬರುವುದು.

ಜೂನ್ 12, ಬುಧವಾರ

ಊಟದ ಬಿಡುವಿನಲ್ಲಿ ಫೋನ್ ಮಾಡಿದೆ. "ನಿನ್ ಮನೆ ಬಾಗ್ಲು ಯಾವ ಬಣ್ಣ?" ತಂಗಿಗೆ ಗಾಬರಿ. ಬೋರ್ಡಿನ ಕಥೆ ಹೇಳಿದೆ. ಆ ಕಡೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದು.

"ಬೇಡ ಅಕ್ಕ. ನಿನ್ ಹತ್ರ ಚೆನ್ನಾಗಿದಾಳೆ. ನಾನು ಮತ್ತೆ ಹಾಸಿಗೆ ಹಿಡಿದ್ರೆ?"

'ಹೂಂ, ಇರ್ಲಿ ಬಿಡು' ಎಂದುಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ನಾಲಿಗೆ ತುದಿಗೂ ಬಂದಿತ್ತು.

"ಹಿಡಿದ್ರೆ ನಾನು ಬರ್ತೀನಿ. ಅವಳಿಗೆ ನನ್ ನಂಬರ್ ಬಾಯಿಪಾಠ. ಶನಿವಾರ ಬಾ ನೀನು."

ಅತ್ತಳು. ಬರುತ್ತೇನೆಂದಳು.

ಸಂಜೆ ಪಿಟೀಲು ಬಾಗಿಲ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಬರೆದಳು — 'ಈ ವಾರ: ಅಮ್ಮ ಬರ್ತಾಳೆ.' ನಾನೇ ಮೊಳೆ ಹೊಡೆದು ಹಾಲ್‌ನಲ್ಲಿ ತೂಗುಹಾಕಿದೆ. ಒಂದಿಷ್ಟೂ ವಾಲಿಲ್ಲ.

ಜೂನ್ 15, ಶನಿವಾರ

ತಂಗಿ ಬಂದಳು. ತೆಳ್ಳಗಾಗಿದ್ದಾಳೆ. ಕಣ್ಣು ತಿಳಿಯಾಗಿದೆ. ಬೆಳಗ್ಗಿನಿಂದ ಕುಣಿಯುತ್ತಿದ್ದ ಪಿಟೀಲು ಹೋಗಿ ನನ್ನ ಬೆನ್ನ ಹಿಂದೆ ಅವಿತಳು. ತಾಯಿ ಮಗಳಿಬ್ಬರೂ ದೂರದ ನೆಂಟರ ಹಾಗೆ ಕೂತರು. ಕಾಫಿ ಆರಿತು. ಕೊನೆಗೆ ತಂಗಿ ಎದ್ದು ಬೋರ್ಡಿನ ಮುಂದೆ ನಿಂತಳು.

"ನನ್ನದು ಕಂದು ಬಾಗ್ಲು ಕಣೇ. ಬಣ್ಣ ಎಲ್ಲ ಎದ್ದುಹೋಗಿದೆ."

"ಬೇರೆ ಬಣ್ಣ ಬಳೀಬೋದಾ?"

"ಓನರ್‌ನ ಕೇಳ್ಬೇಕು."

"ಈ ವಾರ ಕೇಳು."

ಅಮ್ಮನಿಗೇ ಕೆಲಸ ಹಚ್ಚಿದಳು. ತಂಗಿ ನಕ್ಕಳು. ಆ ನಗು ನೋಡಿ ಎಷ್ಟು ಕಾಲವಾಗಿತ್ತು.

ಜುಲೈ 20, ಶನಿವಾರ

ಬರೆಯುವ ಮನಸ್ಸೇ ಇರಲಿಲ್ಲ. ಈಗ ಶುಕ್ರವಾರ ರಾತ್ರಿ ಪಿಟೀಲು ಅಲ್ಲೇ ಉಳಿಯುತ್ತಾಳೆ. ಇವತ್ತು ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ. "ಓನರ್ ಒಪ್ಪಿದ್ರು! ಕೆಳಗಡೆ ಪೂರ್ತಿ ನಾನೇ ಬಳ್ದಿದ್ದು!" ಮುಂದೇನಾಗ್ತೀಯ ಎಂದು ಟೀಚರ್ ಕೇಳಿದರೆ ಬಾಗ್ಲು ಪೇಂಟರ್ ಅಂತಾಳಂತೆ.

ಟರ್ಪೆಂಟೈನ್ ಹಚ್ಚಿ ಕೈ ಒರೆಸಿಕೊಟ್ಟೆ. ಒಂದೊಂದೇ ಬೆರಳು. ಬೇಗ ಮುಗಿಯದಿರಲಿ ಎನಿಸಿತು.

ಆಗಸ್ಟ್ 4, ಭಾನುವಾರ

ಪಿಟೀಲು ಅಮ್ಮನ ಮನೆಗೆ ಹೊರಟಳು, ಇನ್ನು ಅಲ್ಲೇ ಇರಲು. ಬಟ್ಟೆ, ಪುಸ್ತಕ, ಬೋರ್ಡು, ಎಲ್ಲ ಇವರ ವ್ಯಾನಿನಲ್ಲೇ. "ನಂಗೇನ್ ಬಿಡು, ದಿನಾ ಬೆಳಿಗ್ಗೆ ನಾನೇ ಹತ್ತಿಸ್ಕೋತೀನಿ" ಎಂದು ಇವರ ಜಂಬ. ವಾಪಸ್ ಬರುವಾಗ ಎರಡು ಸಲ ತಿರುವು ತಪ್ಪಿಸಿದರು.

ಅಲ್ಲಿ ವ್ಯಾನಿನಿಂದ ಇಳಿಯುವಾಗ ಪಿಟೀಲು ಕೇಳಿದ್ದಳು, "ದೊಡ್ಡಮ್ಮಾ, ನೀನು ಬೋರ್ಡ್ ಮಾಡ್ಲೇ ಇಲ್ಲ?" ಟೈಮ್ ಸಿಗಲಿಲ್ಲ ಅಂದೆ. "ಶನಿವಾರ ಬಂದು ಮಾಡಿಸ್ತೀನಿ. ಏನ್ ಬೇಕು ಅಂತ ಯೋಚ್ನೆ ಮಾಡಿಟ್ಕೋ."

ಯೋಚಿಸುತ್ತಿದ್ದೇನೆ.

ಆಗಸ್ಟ್ 5, ಸೋಮವಾರ, ಬೆಳಿಗ್ಗೆ

ಸ್ಕೂಲಿನ ಹೊತ್ತಿಗೆ ತಂಗಿಯ ಫೋನ್. "ಅಕ್ಕಾ, ಜಡೆ ನಿಲ್ತಾನೇ ಇಲ್ಲ. ನೀನ್ ಹೆಂಗ್ ಹಾಕ್ತಿದ್ದೆ?" ಹಿಂದಿನಿಂದ ಪಿಟೀಲಿನ ಗೊಣಗಾಟ.

ಇದೊಂದು ನನ್ನ ಹತ್ತಿರವೇ ಇರಲಿ ಎನಿಸಿತು. ಸಣ್ಣ ಬುದ್ಧಿ. ಆಮೇಲೆ ಹೇಳಿದೆ. ಎಡಗಿವಿಯ ಹಿಂದೆ ಸುಳಿ ಇದೆ, ಅಲ್ಲಿ ನೀರು ಸವರು. ಆ ಕಡೆಯ ಎಳೆ ತುಸು ದಪ್ಪ ಇರಲಿ. ಮೊದಲ ಹೆಣಿಗೆ ಸಡಿಲ, ಆಮೇಲೆ ಬಿಗಿ.

"ಹಾಂ... ನಿಂತ್ಕೊಳ್ತು ಅಕ್ಕ!"

ಎರಡನೆಯ ಜಡೆ ತಾನೇ ಹಾಕುತ್ತೇನೆಂದಳು. ಫೋನ್ ಮಾತ್ರ ಇಡಬೇಡ ಎಂದಳು. ಇಡಲಿಲ್ಲ. ಬಾಚಣಿಗೆಯ ಸದ್ದು. ಪಿಟೀಲು ಏನೋ ಹೇಳಿದಳು, ತಂಗಿ ಜೋರಾಗಿ ನಕ್ಕಳು. ಏನೆಂದು ನನಗೆ ಕೇಳಿಸಲಿಲ್ಲ, ಆದರೂ ನಾನೂ ನಕ್ಕೆ.