ಕೆಂಪು ಬುಡದ ಪಾಲಕ್

ಅಕ್ಟೋಬರ್ 14

ನೆನೆಹಾಕಿದ ಬೀಜ ಬಸಿದು ಬಟ್ಟೆಯ ಮೇಲೆ ಹರಡಿದೆ. ಅತ್ತೆ ಪಕ್ಕದಲ್ಲೇ ಕಾವಲು. ಅಗರದ ತವರಿನಿಂದ ಮದುವೆಯಾಗಿ ಬಂದಾಗ ಸೆರಗಿಗೆ ಕಟ್ಟಿಕೊಂಡು ತಂದ ನಾಟಿ ಪಾಲಕ್ — ಸಣ್ಣ ಎಲೆ, ಬುಡ ಕೆಂಪು. ಪ್ಯಾಕೆಟ್ ಬೀಜ ತರೋಣವೆಂದರೆ ಮುಖ ತಿರುಗಿಸುತ್ತಾರೆ.

“ಅಂಗ್ಡೀದು ಬರೀ ನೀರು ಕಣವ್ವ. ಇದು ಬಾಯ್ಲಿ ನಿಂತ್ಕತದ.”

ಹಿತ್ತಲ ಮಡಿಗೆ ಗುಂಡಿಯ ಗೊಬ್ಬರ ನಾನೇ ಹೊತ್ತು ಸುರಿದೆ. ಸೊಂಟ ಹಿಡಿದಿದೆ. ಈ ಸಲ ಒಂದು ಸಾಲು ಕೊಯ್ಯದೆ ಬೀಜಕ್ಕೇ ಬಿಡಬೇಕು.

ಅಕ್ಟೋಬರ್ 25

ಮೊಳಕೆ! ಉದ್ದುದ್ದ ಎರಡೆರಡು ಎಲೆ. ಹಿಂದೆಂದೂ ಇಷ್ಟು ದಟ್ಟವಾಗಿ ಬಂದಿರಲಿಲ್ಲ. ಹಾಕಿದ್ದಕ್ಕಿಂತ ಹೆಚ್ಚು ಹುಟ್ಟಿದೆಯೇನೋ ಎನ್ನಿಸುವಷ್ಟು. ಅತ್ತೆಗೆ ಖುಷಿ. ನನಗೂ.

ನವೆಂಬರ್ 17, ಕಾರ್ತಿಕ ಸೋಮವಾರ

ನನಗೆ ಉಪವಾಸ. ಅತ್ತೆಗೆ ಶುಗರ್, ಹಾಗಾಗಿ ಉಪವಾಸ ಬೇಡವೆಂದು ಡಾಕ್ಟರ್ ಹೇಳಿದ್ದಾರೆ. ಒತ್ತಾಗಿದ್ದ ಗಿಡ ಕಿತ್ತು ತೆಳುಮಾಡಿದೆ. ಕಿತ್ತದ್ದನ್ನು ಬೇಳೆ ಹಾಕಿ ಬಸ್ಸಾರು ಮಾಡಿ ಅವರಿಗೆ ಬಡಿಸಿದೆ. ಯಜಮಾನರದು ಯಳಂದೂರಿನ ಬಟ್ಟೆ ಅಂಗಡಿಯಲ್ಲೇ ಊಟ.

ಸಂಜೆ ಅತ್ತೆಯ ಮುಖ ಕೆಂಡ. ಎಷ್ಟು ನೀರು ಕುಡಿದರೂ ಸಾಲದು. ಸೀರೆಯಿಂದ ಇಲ್ಲದ ಎಳೆ ಕೀಳುತ್ತಿದ್ದರು. ಸತ್ತು ಎಷ್ಟೋ ವರ್ಷವಾದ ಮಾವನಿಗೆ ಮಣೆ ಹಾಕು ಎಂದರು. ಹಾಕಿದೆ. ಏನು ಮಾಡಲಿ?

ನವೆಂಬರ್ 18

ಎದ್ದರು. ನಿನ್ನೆಯದು ಏನೂ ನೆನಪಿಲ್ಲ. ಡಾಕ್ಟರು ಶುಗರ್ ಇಳಿದಿರಬೇಕು, ವಯಸ್ಸೂ ಆಯಿತು ಎಂದರು.

ನವೆಂಬರ್ 26

ಮತ್ತೆ. ಈ ಸಲ ಜೋರು. ಮಧ್ಯಾಹ್ನ ಸೊಪ್ಪಿನ ಪಲ್ಯ ಉಂಡು ಮಲಗಿದವರು ಎದ್ದು ಬೀದಿಗೆ ಓಡಿದರು. ಕಣ್ಣು ನೋಡಲು ಭಯ — ಪಾಪೆ ಕಣ್ಣಿಡೀ ಅಗಲವಾಗಿದೆ. ಇವರು ಅಂಗಡಿಯಿಂದ ಬಂದು ಹಿಡಿದುಕೊಂಡರು. ಅತ್ತೆ ನನ್ನತ್ತ ಕೈ ತೋರಿಸಿ ಕೂಗಿದರು —

“ಇಸ ಇಕ್ತಾವ್ಳ ಕಣ್ಲಾ ಪ್ರಭು! ನಂಗ ಇಸ ಇಕ್ತಾವ್ಳ ಇವ್ಳು!”

ಬೀದಿಯೆಲ್ಲ ಕೇಳಿತು. ಎದುರು ಮನೆ ಪುಟ್ಟಮಲ್ಲಮ್ಮ ಹತ್ತಿರ ಬಂದು, “ಗಾಳಿ ಕಣಮ್ಮಿ. ಬೆಟ್ಟುಕ್ ಕರ್ಕಂಡೋಗಿ ತಾಯ್ತ ಕಟ್ಸು” ಎಂದಳು. ಆದರೆ ನಾನು ಕೊಟ್ಟ ನೀರು ಕುಡಿಯಲಿಲ್ಲ.

ನಾನೂ ಎರಡು ತುತ್ತು ಪಲ್ಯ ತಿಂದಿದ್ದೆ. ಬಾಯಿ ಒಣಗುತ್ತಿದೆ. ಬರೆಯುತ್ತಿರುವ ಅಕ್ಷರವೂ ಮಸುಕು. ಕನ್ನಡಕ ಬದಲಿಸಬೇಕು. ಹೆದರಿಕೆಗೂ ಇರಬಹುದು.

ನವೆಂಬರ್ 29

ಇವರು ಮನೆಯಲ್ಲಿ ಊಟ ಬಿಟ್ಟಿದ್ದಾರೆ. ಹಸಿವಿಲ್ಲವಂತೆ. ಅತ್ತೆಯನ್ನು ಮೈಸೂರಿನ ಯಾವುದೋ ಆಶ್ರಮಕ್ಕೆ ಸೇರಿಸುವ ಮಾತು ಫೋನಿನಲ್ಲಿ ನಡೆಯುತ್ತಿದೆ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ.

ಡಿಸೆಂಬರ್ 2

ಅತ್ತೆಯನ್ನು ನೋಡಲು ಕೊಳ್ಳೇಗಾಲದಿಂದ ನಾದಿನಿ ಶೃತಿಯ ಗಂಡ ಶಾಂತಮೂರ್ತಿ ಬಂದಿದ್ದ. ಬೆಟ್ಟದ ರೂಟಿನ ಪ್ರೈವೇಟ್ ಬಸ್ಸಿನ ಡ್ರೈವರ್. ಈ ಮನೆಯಲ್ಲಿ ನನ್ನ ಕೈ ಕಾಫಿ ಅಂಜದೆ ಕುಡಿದವನು ಅವನೊಬ್ಬನೇ.

“ಅಕ್ಕ, ಬಾಣಂತೀಗ ರಕ್ತ ಕಮ್ಮಿ ಅಂದವ್ರ. ಒಂದ್ ಕಟ್ಟು ಸೊಪ್ಪು ಕೊಡಿ.”

ಅಗಲ ಎಲೆಯವನ್ನೇ ಆರಿಸಿ ದೊಡ್ಡ ಕಟ್ಟು ಕಟ್ಟಿಕೊಟ್ಟೆ.

ಡಿಸೆಂಬರ್ 3, ಮಧ್ಯಾಹ್ನ

ಇವರ ಫೋನಿಗೆ ಕಾಯುತ್ತಾ ಬರೆಯುತ್ತಿದ್ದೇನೆ.

ಬೀಜಕ್ಕೆ ಬಿಟ್ಟ ಸಾಲು ನೋಡಲು ಹೋದೆ. ಪಾಲಕ್ ನಡುವೆ ಎತ್ತರದ ಗಿಡಗಳು. ಬುಡ ಅದೇ ಕೆಂಪು. ಎಲೆ ಹಿಚುಕಿದೆ — ಹೇಸಿಗೆ ವಾಸನೆ. ಒಂದರ ತುದಿಯಲ್ಲಿ ಉದ್ದ ಬಿಳಿ ಮೊಗ್ಗು.

ಉಮ್ಮತ್ತಿ.

ಶಿವನಿಗೆ ಏರಿಸಿದ ಉಮ್ಮತ್ತಿಯ ಹೂವು, ಕಾಯಿ ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕುವವಳು ನಾನು. ಆ ಗೊಬ್ಬರವನ್ನು ಮಡಿಗೆ ಹೊತ್ತವಳೂ ನಾನು. ಅತ್ತೆಗೆ ಗಾಳಿಯಲ್ಲ, ಮರುಳಲ್ಲ. ಅವರು ಕೂಗಿದ್ದು ನಿಜ. ನಾನೇ ಬಡಿಸುತ್ತಿದ್ದೆ.

ಶೃತಿಗೆ ಫೋನ್ ಮಾಡಿದೆ. ಎತ್ತಿದಳು. ಉಂಡೆಯಾ ಎಂದೆ.

“ಇನ್ನೂ ಇಲ್ಲ ಅತ್ತಿಗೆ, ಮಗೀನ ಮಲುಗ್ಸ್ತಾ ಇವ್ನಿ. ಅವ್ರು ಎಲ್ಡೆಲ್ಡು ಸಲ ಬಡಿಸ್ಕಂಡು ಉಂಡ್ಬುಟ್ಟು ಡ್ಯೂಟಿಗ್ ಓದ್ರು.”

ಬಸ್ಸು. ಬೆಟ್ಟದ ತಿರುವುಗಳು.

ಸೊಪ್ಪು ಚೆಲ್ಲು, ಮುಟ್ಟಬೇಡ ಎಂದಷ್ಟೇ ಹೇಳಿ ಇಟ್ಟೆ. ಶಾಂತಮೂರ್ತಿಗೆ ಮಾಡಿದೆ, ಮಾಡಿದೆ, ಮಾಡಿದೆ. ಕೊನೆಗೆ ಎತ್ತಿದ. ಹಿಂದೆ ಇಂಜಿನ್ ಸದ್ದು, ಜನರ ಗಲಾಟೆ.

“ಗಾಡಿ ನಿಲ್ಸು ಶಾಂತು! ಪಕ್ಕಕ್ಕೆ ಹಾಕು!”

“ನೀರು ಇದ್ದದಾ ಅಕ್ಕ? ನಾಲ್ಗ ಅಂಟ್ಕತಾದ.” ಆಮೇಲೆ ಮಗುವಿನ ಹಾಗೆ ಮೆಲ್ಲಗೆ — “ರಸ್ತ ಎಲ್ಡಾಗದಲ್ಲ… ಯಾವುದ್ರಲ್ಲಿ ಓಗ್ಲಿ?”

ಕಟ್ಟಾಯಿತು.

ಇವರಿಗೆ ಎಲ್ಲ ಹೇಳಿದೆ. ಪೊಲೀಸಿಗೆ ಫೋನ್ ಮಾಡಿ ಹನೂರಿನ ಕಡೆಗೆ ಹೊರಟಿದ್ದಾರೆ. ಹೋಗುವಾಗ ನನ್ನನ್ನು ನೋಡಿದ ನೋಟ… ಬರೆಯಲಾರೆ.

ಡಿಸೆಂಬರ್ 14

ಬಸ್ಸು ಅಜ್ಜೀಪುರ ದಾಟಿ ಹುಣಸೆ ಮರಕ್ಕೆ ಹೊಡೆದಿತ್ತು. ಘಾಟಿ ಇನ್ನೂ ಶುರುವಾಗಿರಲಿಲ್ಲ, ಅದೇ ಪುಣ್ಯ ಎನ್ನುತ್ತಾರೆ. ಮುಂದಿನ ಸೀಟಿನಲ್ಲಿದ್ದ ಮಹದೇವಮ್ಮ ಎಂಬ ಹೆಂಗಸು ಅಲ್ಲೇ ಹೋದಳು. ಅವಳಿಗೆ ಪುಣ್ಯವೆಲ್ಲಿ ಬಂತು?

ಶಾಂತಮೂರ್ತಿಯ ಸೊಂಟ ಮುರಿದಿದೆ. ಕುಡಿದು ಓಡಿಸಿದ ಎಂದು ಊರೆಲ್ಲ ಮಾತು. ಅಲ್ಲ, ಉಮ್ಮತ್ತಿ ಎಂದು ಆಸ್ಪತ್ರೆಯಲ್ಲಿ ಹೇಳಿದವಳು ನಾನು. ಅದಕ್ಕೇ ಇವತ್ತು ಪೊಲೀಸರು ಬರುತ್ತಿದ್ದಾರೆ. ಶೃತಿ ಫೋನ್ ಎತ್ತುವುದಿಲ್ಲ.

ಅತ್ತೆ ಮೊದಲಿನಂತೆ ಚುರುಕು. ಎಲ್ಲ ತಿಳಿದಿದೆ ಅವರಿಗೆ. ಮಡಿಯನ್ನು ಬುಡಸಮೇತ ಕಿತ್ತು ಸುಡುವಾಗ, ಪಾಲಕ್ಕಿನ ಒಂದು ಗಿಡವನ್ನೂ ಉಳಿಸು ಎನ್ನಲಿಲ್ಲ.

ಬೆಳಿಗ್ಗೆ ಇವರು ಅಡುಗೆಮನೆಗೆ ಬಂದರು. ನನ್ನ ಮುಖ ನೋಡದೆ —

“ಗೊಬ್ಬರದ ಮಾತು ಎತ್ಬ್ಯಾಡ. ಬೀಜ ಅವ್ವುಂದು, ಬಿತ್ತಿದ್ದೂ ಬೇಯ್ಸಿದ್ದೂ ಅವ್ವ ಅನ್ನು. ತಲ ನೆಟ್ಗಿಲ್ಲ ಅಂತ ಊರ್ಗೇ ಗೊತ್ತು. ಮುದ್ಕೀನ ಯಾರ್ ಏನ್ ಮಾಡಾರು?”

“ಅವರಿಗೆ ಏನಾಗಿತ್ತು ಅಂತ ನಿಮಗೆ ಗೊತ್ತಲ್ಲ.”

“ಗೊತ್ತು. ಅದ್ಕೇ ಏಳ್ತಿವ್ನಿ. ಮನ ಉಳೀಬೇಕಲ್ವಾ?”

ಅತ್ತೆ ಬಾಗಿಲ ಹಿಂದೆಯೇ ಇದ್ದರು. ಒಳಗೆ ಬಂದು ನನ್ನ ಕೈ ಹಿಡಿದರು. “ಅಂಗೇ ಆಗ್ಲಿ ಬುಡವ್ವ. ಉಚ್ಚಿ ಅಂತ ಒಂದ್ಸಲ ಅನ್ನುಸ್ಕಂಡಿವ್ನಿ, ಇನ್ನೊಂದ್ಸಲಕ್ಕ ಏನು?”

ಜೀಪಿನ ಸದ್ದು. ಬಂದರು. ಇವರು ನನಗೆ ಕೋಣೆಯಲ್ಲೇ ಇರು ಎಂದು, ಬಾಗಿಲಿಗೆ ಅಡ್ಡವಾಗಿ ನಿಂತಿದ್ದಾರೆ. ಬೆನ್ನು ಕಾಣುತ್ತಿದೆ.

ಜಗಲಿಯಲ್ಲಿ ಯಾರೋ ಮೆಲ್ಲಗೆ ಕೇಳುತ್ತಿದ್ದಾರೆ. ಅತ್ತೆಯ ಗಂಟಲು —

“ನಾನೇ ಸಾ ಬಿತ್ತಿದ್ದು. ನನ್ ಸೊಸ ಕ್ವಾಮಲಗ ಏನೂ ಗೊತ್ತಿಲ್ಲ.”

ಸುಳ್ಳು.

ಇವರ ಬೆನ್ನು ಅಲುಗಲಿಲ್ಲ. ಪೆನ್ನು ಇಡುತ್ತೇನೆ. ತಳ್ಳಿಕೊಂಡಾದರೂ ಹೊರಗೆ ಹೋಗಿ, ಆ ಗೊಬ್ಬರ ಹೊತ್ತವಳು ನಾನೇ ಎನ್ನುತ್ತೇನೆ.