ಅಪ್ಪನ ಮಂಚದ ಪಕ್ಕದ ಬಂದೂಕು

ಪ್ರೀತಿಯ ಮಾಮನಿಗೆ,

ಅಪ್ಪ ಹಾಸಿಗೆ ಹಿಡಿದು ಎಂಟು ತಿಂಗಳಾಯಿತು. ಜೀವಮಾನವಿಡೀ ಕೂಡಿಟ್ಟ ನೂರೈವತ್ತು ವರ್ಷಗಳ ಹಿಂದಿನ ಸೈನ್ಯದ ಬಂದೂಕುಗಳಲ್ಲಿ ಒಂದೇ ಒಂದನ್ನು ಮಂಚದ ಪಕ್ಕ ಇಟ್ಟುಕೊಂಡಿದ್ದಾರೆ. ಅದರ ನಳಿಗೆ ಒಂದು ಬಂದೂಕಿನದು, ಮರದ ಹಿಡಿ ಇನ್ನೊಂದರದು, ಇಸವಿಯ ಮುದ್ರೆ ಆಮೇಲೆ ಯಾರೋ ಒತ್ತಿದ್ದು ಎಂದು ಹೋದ ಸಲ ನೀವು ಬಾಗಿಲ ಬಳಿ ನನಗೆ ಹೇಳಿದಿರಿ. ನಾನು ಅಪ್ಪನಿಗೆ ಹೇಳಿಲ್ಲ. "ನಿನ್ನ ಮಾಮ ಮ್ಯೂಸಿಯಂನಲ್ಲಿ ಪಳಗಿದವನು ಕಣೇ, ಇದು ಅಸಲಿ ಅಂತ ಅವನ ಬಾಯಿಂದಲೇ ಕೇಳ್ಬೇಕು" ಎಂದು ದಿನವೂ ಅನ್ನುತ್ತಾರೆ.

ನಿಮಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿ ಎಂದು ನಾನು ಕೇಳುವುದೂ ಇಲ್ಲ. ಭಾನುವಾರ ಬಂದಾಗ ಅದನ್ನು ಕೈಗೆತ್ತಿಕೊಂಡು "ಇದು ಎಲ್ಲಿ ಸಿಕ್ತು ಭಾವ?" ಅನ್ನಿ, ಸಾಕು. ಅವರು ಎರಡು ಗಂಟೆ ಮಾತಾಡುತ್ತಾರೆ. ಅಷ್ಟು ಹೊತ್ತು ನಾನು ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತೇನೆ. ಎಬ್ಬಿಸಬೇಡಿ.

ನಿಮ್ಮ ಅಕ್ಕನ ಮಗಳು